ಮಂಜುಗಡ್ಡೆಯ ಬಾಯಾರಿಕೆ

ಅಕ್ಟೋಬರ್ ಬಂತೆಂದರೆ ಅಮೆರಿಕದ ಉತ್ತರದ ಡೆಟ್ರಾಯಿಟ್, ಮಿನಿಯಾಪೊಲಿಸ್ ಸುತ್ತಲಿನ ಬಡಾವಣೆಗಳಲ್ಲಿ ಒಂದು ಸಲಹೆ ಮನೆಯಿಂದ ಮನೆಗೆ ಓಡಾಡುತ್ತದೆ: "ಈ ವರ್ಷ ತಾನೇ ಡ್ರೈವ್‌ವೇ ಹಾಕಿಸಿದ್ದೀರಿ, ಹಿಮ ಬೀಳೋ ಮುಂಚೆ ಒಂದು ಕೈ ಸೀಲ್‌ಕೋಟ್ ಬಳಿಸಿಬಿಡಿ." ಡ್ರೈವ್‌ವೇ ಎಂದರೆ ಬೀದಿಯಿಂದ ಗ್ಯಾರೇಜಿನವರೆಗಿನ ಡಾಂಬರು ದಾರಿ, ಸೀಲ್‌ಕೋಟ್ ಎಂದರೆ ಅದರ ಮೇಲೆ ಬಳಿಯುವ ಕರಿ ರಕ್ಷಣಾ ಲೇಪ. ಈ ಸಲಹೆ ಮಗುವಿನ ಕೆನ್ನೆಗೆ ಇಡುವ ದೃಷ್ಟಿಬೊಟ್ಟಿನ ಜಾತಿಯದು. ಒಂದೇ ವ್ಯತ್ಯಾಸವೆಂದರೆ, ದೃಷ್ಟಿಬೊಟ್ಟಿನಿಂದ ಮಗುವಿಗೆ ಕೆಡುಕೇನಿಲ್ಲ.

ಹೊಸ ಆಸ್ಫಾಲ್ಟಿನಲ್ಲಿ, ಅಂದರೆ ಡಾಂಬರು ಕಲಸಿದ ಜಲ್ಲಿಯಲ್ಲಿ, ಹಗುರ ಎಣ್ಣೆಗಳು ಇನ್ನೂ ಉಳಿದಿರುತ್ತವೆ. ಗಾಳಿಯ ಆಮ್ಲಜನಕ ತಾಗುತ್ತಾ, ಎಣ್ಣೆ ಆರುತ್ತಾ ಅದು ಗಟ್ಟಿಯಾಗಲು ಆರು ತಿಂಗಳಿಂದ ಒಂದು ವರ್ಷ ಬೇಕು. ಅದಕ್ಕೆ ಮುಂಚೆ ಮುಚ್ಚಳ ಹಾಕಿದರೆ ಒಳಗಿನದು ಮೆತ್ತಗೇ ಉಳಿಯುತ್ತದೆ, ಮೇಲಿನ ಬಳಿತ ಹಿಡಿತ ಸಿಗದೆ ಸಿಪ್ಪೆಯಾಗಿ ಏಳುತ್ತದೆ. ಇನ್ನೊಂದು ತೊಂದರೆ ಹವೆಯದು. ಸೀಲ್‌ಕೋಟ್ ನೀರಿನಲ್ಲಿ ಕಲಸಿದ ಎಮಲ್ಷನ್, ಹಾಲಿನ ಕೊಬ್ಬಿನಂತೆ ಸಣ್ಣ ಹನಿಗಳಾಗಿ ತೇಲುವಂಥದು. ಅದು ಪದರವಾಗಿ ಕೂಡಿಕೊಳ್ಳಲು ಹಗಲೂ ರಾತ್ರಿಯೂ ಸೇರಿ ಒಂದೆರಡು ದಿನ 10 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಿನ ಶಾಖ ಬೇಕು. ಅಕ್ಟೋಬರ್ ಕೊನೆಯ ರಾತ್ರಿಗಳು ಅಲ್ಲಿ ಅಷ್ಟು ಧಾರಾಳಿಗಳಲ್ಲ.

ಕನ್ನಡದಲ್ಲಿ ಎಲ್ಲವೂ ಡಾಂಬರೇ ಆಗಿರುವುದರಿಂದ ಇಲ್ಲೊಂದು ಗೊಂದಲ ತೀರಿಸಿಕೊಳ್ಳಬೇಕು. ಟಾರ್ ಬರುವುದು ಕಲ್ಲಿದ್ದಲಿನಿಂದ, ಬಿಟುಮೆನ್ ಬರುವುದು ಕಚ್ಚಾತೈಲದ ತಳದಿಂದ. ಇಂದಿನ ರಸ್ತೆಯಲ್ಲಿರುವುದು ಎರಡನೆಯದು. ಮೂಲ ಬೇರೆಯಾದರೂ ಸ್ವಭಾವ ಒಂದೇ: ಮುಟ್ಟಿದರೆ ಕಲ್ಲು, ಕಾದು ನೋಡಿದರೆ ದ್ರವ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಥಾಮಸ್ ಪಾರ್ನೆಲ್ 1927ರಲ್ಲಿ ಇದೇ ಸಂತತಿಯ 'ಪಿಚ್' ಎಂಬ ಕರಿ ಅಂಟನ್ನು ಆಲಿಕೆಗೆ ಸುರಿದಿಟ್ಟರು. ಒಂಬತ್ತನೆಯ ಹನಿ ಬಿದ್ದದ್ದು 2014ರಲ್ಲಿ. ಸುತ್ತಿಗೆ ಏಟಿಗೆ ಗಾಜಿನಂತೆ ಒಡೆಯುವ ವಸ್ತು ಹೀಗೆ ತೊಟ್ಟಿಕ್ಕುತ್ತದೆ! ಚಳಿ ಏರಿದಷ್ಟೂ ಈ ದ್ರವಗುಣ ಹಿಂದೆ ಸರಿದು ಗಾಜಿನ ಗುಣ ಮುಂದೆ ಬರುತ್ತದೆ. ಹಾಗಾಗಿಯೇ ಅಮೆರಿಕದ ಬಿಟುಮೆನ್ ದರ್ಜೆಯಲ್ಲಿ ಎರಡು ಸಂಖ್ಯೆ ಇರುತ್ತವೆ. ಪಿಜಿ (ಪರ್ಫಾರ್ಮೆನ್ಸ್ ಗ್ರೇಡ್) 58-28 ಎಂದರೆ ರಸ್ತೆ 58 ಡಿಗ್ರಿ ಕಾದರೂ ಹರಿಯಬಾರದು, ಸೊನ್ನೆಗಿಂತ 28 ಡಿಗ್ರಿ ಕೆಳಗಿಳಿದರೂ ಬಿರಿಯಬಾರದು. ಚಳಿಯ ಲೆಕ್ಕವನ್ನು ಕಾರ್ಖಾನೆಯಲ್ಲೇ ಮುಗಿಸಿ ಕೊಟ್ಟಿರುತ್ತಾರೆ. ಮನೆಯವರ ಪಾಲಿಗೆ ಉಳಿಯುವುದು ನೀರಿನ ಲೆಕ್ಕ. ಚಳಿಗಾಲದಲ್ಲಿ ಡ್ರೈವ್‌ವೇಯ ಅಡಿಯ ನೆಲ ಉಬ್ಬಿ ಅದನ್ನು ಎತ್ತುವುದು ಆ ನೀರಿನಿಂದಲೇ.

"ಗೊತ್ತಲ್ಲ, ನೀರು ಹೆಪ್ಪುಗಟ್ಟಿದರೆ 9 ಶೇಕಡಾ ಹಿಗ್ಗುತ್ತದೆ, ಅದಕ್ಕೇ ನೆಲ ಉಬ್ಬುತ್ತದೆ" ಎನ್ನುವುದು ಶಾಲೆಯ ಉತ್ತರ. ಕೂಡಿ ಕಳೆದು ನೋಡೋಣ. ಒಂದು ಮೀಟರ್ ಆಳದವರೆಗೆ ಹೆಪ್ಪುಗಟ್ಟಿದ ಮಣ್ಣಿನಲ್ಲಿ 40 ಶೇಕಡಾ ಜಾಗ ನೀರೇ ಎಂದಿಟ್ಟುಕೊಳ್ಳಿ. ಅಷ್ಟೂ ಹಿಗ್ಗಿ ಮೇಲಕ್ಕೇ ತಳ್ಳಿದರೂ ನೆಲ ಏಳಬೇಕಾದದ್ದು 3.6 ಸೆಂಟಿಮೀಟರ್. ಚಳಿನಾಡಿನ ರಸ್ತೆಗಳು 10 ಸೆಂಟಿಮೀಟರ್ ಮೀರಿ ಏಳುವುದೂ ಉಂಟು. ಉಳಿದ ಏರಿಕೆ ಎಲ್ಲಿಂದ ಬಂತು?

ದಕ್ಷಿಣ ಕೆರೊಲಿನಾದ ಭೂವಿಜ್ಞಾನಿ ಸ್ಟೀಫನ್ ಟೇಬರ್ 1930ರ ಸುಮಾರಿಗೆ ಇದಕ್ಕೊಂದು ತುಂಟ ಪ್ರಯೋಗ ಮಾಡಿದರು. ನೀರಿನ ಬದಲು ಬೆಂಜೀನ್ ಕುಡಿಸಿದ ಮಣ್ಣನ್ನು ಮೇಲಿನಿಂದ ತಣಿಸಿದರು. ಬೆಂಜೀನ್ ಹೆಪ್ಪುಗಟ್ಟಿದಾಗ ಕುಗ್ಗುತ್ತದೆ. ಶಾಲೆಯ ಉತ್ತರ ಸರಿಯಾಗಿದ್ದರೆ ಮಣ್ಣು ಕುಸಿಯಬೇಕಿತ್ತು. ಅದು ಉಬ್ಬಿತು.

ಉಬ್ಬಿಸುವುದು ಹಿಗ್ಗುವಿಕೆಯಲ್ಲ, ಹೀರುವಿಕೆ. ಮಂಜುಗಡ್ಡೆಗೂ ಮಣ್ಣಿನ ಕಣಕ್ಕೂ ನಡುವೆ, ಸೊನ್ನೆಗಿಂತ ಕೆಳಗೂ ಹೆಪ್ಪುಗಟ್ಟದ ತೆಳ್ಳನೆಯ ನೀರಿನ ಪೊರೆಯೊಂದು ಇರುತ್ತದೆ. ಎರಡು ಮಂಜಿನ ತುಂಡು ಒತ್ತಿದರೆ ಅಂಟಿಕೊಳ್ಳುವುದನ್ನು ಕಂಡು ಮೈಕೆಲ್ ಫ್ಯಾರಡೆ 1850ರಲ್ಲೇ ಇಂಥ ಪೊರೆಯನ್ನು ಊಹಿಸಿದ್ದರು. ಈ ಪೊರೆಯೇ ದಾರಿ. ಮೇಲೆ ಮಂಜುಗಡ್ಡೆ, ಕೆಳಗೆ ಒದ್ದೆ ಮಣ್ಣು, ನಡುವೆ ಪೊರೆ: ಎಣ್ಣೆದೀಪದ ಬತ್ತಿಯ ಏರ್ಪಾಡು. ಬತ್ತಿಯ ತುದಿಯಲ್ಲಿ ಎಣ್ಣೆ ಉರಿದು ಖಾಲಿಯಾದಷ್ಟೂ ಕೆಳಗಿನದು ಏರಿ ಬರುತ್ತದೆ. ಇಲ್ಲಿ ನೀರು ಗಡ್ಡೆಯಾಗಿ 'ಖಾಲಿ'ಯಾದಷ್ಟೂ ಕೆಳಗಿನ ನೀರು ಏರುತ್ತದೆ. ಅಥವಾ ಬಕೆಟ್ಟಿಗೆ ಇಳಿಬಿದ್ದ ಟವೆಲ್ ನೆನೆಸಿಕೊಳ್ಳಿ, ನೋಡನೋಡುತ್ತಾ ಮೇಲಿನ ತುದಿಯೂ ಒದ್ದೆ. ಹೀರುವ ಬಲ ಮಾತ್ರ ಟವೆಲ್ಲಿನದಲ್ಲ: ಸಿದ್ಧಾಂತದ ಲೆಕ್ಕದಲ್ಲಿ, ಸೊನ್ನೆಯಿಂದ ಕೆಳಗಿಳಿವ ಪ್ರತಿ ಡಿಗ್ರಿಗೂ ಸುಮಾರು ಹನ್ನೊಂದು ವಾತಾವರಣದಷ್ಟು ಒತ್ತಡ. ಹೀಗೆ ಕುಡಿಕುಡಿದು ನೆಲದೊಳಗೆ ಅಡ್ಡಡ್ಡಲಾಗಿ ಶುದ್ಧ ಮಂಜಿನ ಬಿಲ್ಲೆಗಳು ಬೆಳೆಯುತ್ತವೆ. ನೆಲ ಸೀಳಿ ಏಳುವ ಅಣಬೆಯಂತೆ ಅವು ಮೇಲಿನದನ್ನೆಲ್ಲ ಎತ್ತುತ್ತವೆ. ನ್ಯೂ ಇಂಗ್ಲೆಂಡಿನ ಹೊಲಗಳಲ್ಲಿ ಪ್ರತಿ ವಸಂತಕ್ಕೂ ಹೊಸ ಕಲ್ಲು 'ಬೆಳೆಯುವುದು', ಅಲ್ಲಿಯ ಉದ್ದುದ್ದ ಕಲ್ಲುಗೋಡೆಗಳಿಗೆ ಕಲ್ಲು ಮುಗಿಯದೇ ಒದಗಿದ್ದು ಈ ಕೈವಾಡದಿಂದಲೇ.

ಈ ಕುಡಿತಕ್ಕೆ ಮೂರು ಸೇರಬೇಕು: ಚಳಿ, ನೀರು, ಹದವಾದ ಮಣ್ಣು. ಮರಳಿನ ರಂಧ್ರ ದೊಡ್ಡದು, ಹೀರುವುದಿಲ್ಲ. ಅಪ್ಪಟ ಜೇಡಿ ಬಲವಾಗಿ ಹೀರಿದರೂ ನೀರನ್ನು ಬೇಗ ಬಿಡುವುದಿಲ್ಲ. ನಡುವಿನ ಸಿಲ್ಟ್, ಅಂದರೆ ಹಿಟ್ಟಿನಂಥ ಮೆಕ್ಕಲು, ಎರಡರಲ್ಲೂ ನಿಸ್ಸೀಮ. ಮಣ್ಣಿನ ಇಂಜಿನಿಯರ್ ಆರ್ಥರ್ ಕ್ಯಾಸಗ್ರಾಂಡೆ 1931ರಲ್ಲಿ ಗೆರೆ ಎಳೆದರು: ಮಿಶ್ರ ಗಾತ್ರದ ಜಲ್ಲಿಮಣ್ಣಿನಲ್ಲಿ 0.02 ಮಿಲಿಮೀಟರಿಗಿಂತ ಸಣ್ಣ ಕಣ 3 ಶೇಕಡಾ ದಾಟಿದರೆ ಸಾಕು, ಅದು ಉಬ್ಬುತ್ತದೆ. ಆದ್ದರಿಂದ 15ರಿಂದ 20 ಸೆಂಟಿಮೀಟರ್ ಜಲ್ಲಿಹಾಸು, ಅದರ ಮೇಲೆ ಅದುಮಿದ 5ರಿಂದ 7.5 ಸೆಂಟಿಮೀಟರ್ ಆಸ್ಫಾಲ್ಟ್ ಎಂಬ ಲೆಕ್ಕದಲ್ಲಿ ಜಲ್ಲಿಯ ಶುಚಿಯೂ ಸೇರಿದೆ. ಹಾಸಲು ತಂದ ಜಲ್ಲಿಯನ್ನು ಒದ್ದೆ ಕೈಯಲ್ಲಿ ಹಿಸುಕಿದಾಗ ಅಂಗೈಗೆ ಕೆಸರು ಮೆತ್ತಿದರೆ ಅನುಮಾನ ಪಡಿ. ಅಂಚಿನ ಮಣ್ಣನ್ನು ಗಾಜಿನ ಬಾಟಲಿಯಲ್ಲಿ ನೀರು ಹಾಕಿ ಕುಲುಕಿಡಿ: ಮರಳು ನಿಮಿಷದೊಳಗೆ ತಳ ಸೇರುತ್ತದೆ, ಸಿಲ್ಟಿಗೆ ಒಂದೆರಡು ಗಂಟೆ, ಜೇಡಿ ಮರುದಿನವೂ ತೇಲುತ್ತಿರುತ್ತದೆ. ನಡುವಿನ ಪದರ ದಪ್ಪಗಿದ್ದರೆ ನಿಮ್ಮ ಮಂಜುಗಡ್ಡೆಗೆ ಒಳ್ಳೆಯ ಬತ್ತಿ ಸಿಕ್ಕಿದೆ ಎಂದರ್ಥ.

ಚಳಿಯನ್ನು ತಡೆಯಲಾಗದು. ಮಣ್ಣು ಬದಲಿಸುವ ಕಾಲ ದಾಟಿತು. ಹಾಗಾಗಿ ಅಕ್ಟೋಬರಿನ ಕೆಲಸವೆಲ್ಲ ನೀರಿನ ಮೇಲೆ.

ಮೊದಲು ಹೋಸ್ ಪೈಪ್ ಹಿಡಿದು ಇಡೀ ಡ್ರೈವ್‌ವೇ ತೋಯಿಸಿ. ಅಡಿಗೆ ಕಾಲು ಇಂಚಿನ ಇಳಿಜಾರಿದ್ದರೆ ನೀರು ತಾನೇ ಓಡುತ್ತದೆ. ನಿಂತಲ್ಲಿ ಒಂದು ನಾಣ್ಯ ಇಟ್ಟು ನೋಡಿ. ಅದು ಮುಳುಗಿದರೆ ಆ ತಗ್ಗಿಗೆ ಸುಣ್ಣದ ಗುರುತು ಹಾಕಿ, ಹಾಕಿದವರನ್ನು ಗ್ಯಾರಂಟಿ ಮುಗಿಯುವ ಮುಂಚೆ ಕರೆಸಿ. ಮಾಡಿನ ನೀರಿಳಿಸುವ ಕೊಳವೆ ಡ್ರೈವ್‌ವೇಯ ಪಕ್ಕದಲ್ಲೇ ಬಾಯಿ ಬಿಟ್ಟಿದ್ದರೆ ಒಂದೂವರೆ ಎರಡು ಮೀಟರ್ ದೂರಕ್ಕೆ ಎಳೆಯಿರಿ. ಎಲ್ಲಕ್ಕಿಂತ ಹೆಚ್ಚು ಹಾಳುಗೆಡವುವುದು ಇದೇ, ಎಲ್ಲರೂ ಮರೆಯುವುದೂ ಇದನ್ನೇ. ಅಂಚಿಗೆ ಮಣ್ಣು ಕೂಡಿಸಿ, ಆದರೆ ಆಸ್ಫಾಲ್ಟಿಗಿಂತ ಒಂದಿಂಚು ತಗ್ಗಿಸಿ. ಹುಲ್ಲುಹಾಸು ಎತ್ತರವಾದರೆ ಅದೇ ಒಡ್ಡಾಗಿ ನೀರನ್ನು ಒಳಗೆ ನಿಲ್ಲಿಸುತ್ತದೆ.

ಗ್ಯಾರೇಜಿನ ಬಾಗಿಲ ಬುಡದ ಸಂದನ್ನು ಬಗ್ಗಿ ನೋಡಿ. ಒಂದು ಕಡೆ ಕಾಂಕ್ರೀಟ್, ಒಂದು ಕಡೆ ಆಸ್ಫಾಲ್ಟ್, ನಡುವೆ ಬೆರಳುಗುರು ಹೋಗುವಷ್ಟು ಬಿರುಕು, ಅದರೊಳಗೆ ಪೈನ್ ಸೂಜಿಎಲೆ, ಇರುವೆ ಎತ್ತಿಹಾಕಿದ ಮರಳು. ಮಿಶಿಗನ್ನಿನಲ್ಲಿ ಮನೆಯ ಅಡಿಪಾಯ 42 ಇಂಚು ಇಳಿದಿರುತ್ತದೆ, ನೆಲ ಹೆಪ್ಪುಗಟ್ಟುವ ಆಳಕ್ಕಿಂತ ಕೆಳಗೆ. ಡ್ರೈವ್‌ವೇ ಆ ಹೆಪ್ಪಿನೊಳಗೇ ಕೂತಿದೆ. ಜನವರಿಯಲ್ಲಿ ಒಂದು ಏಳುತ್ತದೆ, ಇನ್ನೊಂದು ಅಲ್ಲಾಡುವುದಿಲ್ಲ. ಆಗ ಬಾಗಿಲ ಬಳಿ ತುಟಿಯೊಂದು ಮೂಡಿ ಕಾರಿನ ಚಕ್ರ 'ಧಡ್' ಎನ್ನುತ್ತದೆ. ಸಂದನ್ನು ಕೆರೆದು, ಊದಿ, ಪೂರ್ತಿ ಒಣಗಿಸಿ, ಹಿಗ್ಗಿ ಕುಗ್ಗುವ ರಬ್ಬರಿನಂಥ ಸೀಲೆಂಟ್ ತುಂಬಿ. ಒದ್ದೆಯಿರುವಾಗ ತುಂಬಿದರೆ ಡಿಸೆಂಬರಿನೊಳಗೆ ಹಗ್ಗದಂತೆ ಎದ್ದು ಬರುತ್ತದೆ.

ನೆಲ ಗಟ್ಟಿಯಾಗುವ ಮುಂಚೆ ಅಂಚಿನುದ್ದಕ್ಕೂ ಗುರುತಿನ ಕೋಲು ನೆಡಿ. ಹಿಮ ಮುಚ್ಚಿದ ಮೇಲೆ ಚಕ್ರ ಅಂಚಿಗೆ ಇಳಿದರೆ ಆಸರೆಯಿಲ್ಲದ ಆ ಭಾಗ ರೊಟ್ಟಿಯಂತೆ ಮುರಿಯುತ್ತದೆ. ಹಿಮ ಬಾಚಿ ಎಸೆಯುವ ಯಂತ್ರವಾದ ಸ್ನೋಬ್ಲೋವರಿನ ಪಾದವನ್ನು ಸುಮಾರು ಒಂದು ಸೆಂಟಿಮೀಟರ್ ಎತ್ತರಿಸಿ. ಸಲಿಕೆ ಪ್ಲಾಸ್ಟಿಕ್ಕಿನದಿರಲಿ. ಬಿಸಿನೀರು ಸುರಿದು ಮಂಜು ಕರಗಿಸುವ ಚಾಳಿ ಬಿಡಿ, ಅರ್ಧ ಗಂಟೆಯಲ್ಲಿ ಕನ್ನಡಿಯಂಥ ಜಾರುನೆಲ ಸಿದ್ಧವಾಗಿರುತ್ತದೆ.

ಉಪ್ಪಿನ ವಿಷಯಕ್ಕೆ ಬಂದರೆ, ಡೆಟ್ರಾಯಿಟ್ ಊರಿನ ಅಡಿಯಲ್ಲೇ 300 ಮೀಟರಿಗೂ ಹೆಚ್ಚು ಆಳದಲ್ಲಿ ಉಪ್ಪಿನ ಗಣಿಯಿದೆ, ಅಗ್ಗವೆಂದು ಎರಚುತ್ತಾರೆ. ಉಪ್ಪು ಬಿಟುಮೆನ್ನನ್ನು ಕರಗಿಸದು. ಆದರೆ ಗಡ್ಡೆಯಾಗಿ ತೆಪ್ಪಗಿದ್ದ ನೀರನ್ನು ಕರಗಿಸಿ ರಂಧ್ರಕ್ಕೆ ಇಳಿಸುತ್ತದೆ, ರಾತ್ರಿ ಅದು ಮತ್ತೆ ಹೆಪ್ಪುಗಟ್ಟುತ್ತದೆ. ಇಲ್ಲಿ ಮಾತ್ರ ಶಾಲೆಯ 9 ಶೇಕಡಾ ನಿಜಕ್ಕೂ ಕೆಲಸ ಮಾಡುತ್ತದೆ. ಮೈನಸ್ 9 ಡಿಗ್ರಿಗಿಂತ ಕೆಳಗೆ ಅಡುಗೆ ಉಪ್ಪಿನ ಜಾತಿಯದು ಹೆಚ್ಚುಕಡಿಮೆ ನಿಷ್ಪ್ರಯೋಜಕ. ಮೊದಲ ಚಳಿಗಾಲಕ್ಕೆ ಒರಟು ಮರಳು ಸಾಕು.

ಬೆಂಗಳೂರಿನಲ್ಲಿ ಗುಂಡಿ ಬೀಳುವುದು ಮಳೆಗಾಲದಲ್ಲಿ, ಅಲ್ಲಿ ಮಾರ್ಚಿನಲ್ಲಿ. ಮಂಜು ಮೇಲಿನಿಂದ ಕರಗುತ್ತದೆ, ಕೆಳಗಿನ ಹೆಪ್ಪು ಹಾಗೇ ಇರುತ್ತದೆ. ನಡುವೆ ನೀರು ಇಂಗಲು ದಾರಿಯಿಲ್ಲದೆ ಜಲ್ಲಿಹಾಸು ಅಂಬಲಿಯಾಗುತ್ತದೆ. ಮಿಶಿಗನ್ ಮತ್ತು ಮಿನೆಸೋಟ ರಾಜ್ಯಗಳು ಆ ವಾರಗಳಲ್ಲಿ ಲಾರಿಗಳ ಭಾರಕ್ಕೆ ಕಾನೂನಿನಿಂದಲೇ ಮಿತಿ ಹಾಕುತ್ತವೆ. ನಿಮ್ಮ ಡ್ರೈವ್‌ವೇಗೂ ಅದೇ ಕಾನೂನು ಹಾಕಿಕೊಳ್ಳಿ: ಸಾಮಾನು ಸಾಗಿಸುವ ಟ್ರಕ್, ಕಸದ ದೊಡ್ಡ ಡಬ್ಬ ಮೇ ತನಕ ಬೀದಿಯಲ್ಲೇ ನಿಲ್ಲಲಿ.

ಸೀಲ್‌ಕೋಟ್ ಮಾತು ಜೂನ್ ಅಥವಾ ಜುಲೈಗೆ. ಬಿಸಿಲು ಹತ್ತಿದ ಒಂದು ಬೆಳಿಗ್ಗೆ ಲೋಟ ನೀರು ಚೆಲ್ಲಿ ನೋಡಿ. ನೀರು ಮುತ್ತುಗಟ್ಟಿ, ಅಂಚಿನಲ್ಲಿ ಕಾಮನಬಿಲ್ಲಿನಂಥ ಉಂಗುರ ಮೂಡಿದರೆ ಎಣ್ಣೆ ಇನ್ನೂ ಆರಿಲ್ಲ, ಡಬ್ಬ ಮುಚ್ಚಿಡಿ. ನೀರು ಹರಡಿ ನೆಲ ಕಪ್ಪಗಾದರೆ ಬಳಿಯಬಹುದು. ಡಬ್ಬದ ಮೇಲೆ 'ಕೋಲ್ ಟಾರ್' ಎಂದಿದ್ದರೆ ಅಂಗಡಿಗೇ ಹಿಂದಿರುಗಿಸಿ. ಅದರಲ್ಲಿನ ಕ್ಯಾನ್ಸರ್‌ಕಾರಕಗಳಿಗಾಗಿ ವಾಷಿಂಗ್ಟನ್ ರಾಜ್ಯ, ಮಿನೆಸೋಟ ಅದನ್ನು ನಿಷೇಧಿಸಿಯೇ ವರ್ಷಗಳಾದವು.