ಎಡನೀರಿನ ಜಮೀನು, ಬೆಂಗಳೂರಿನ ಮಿಲ್ಲು, ಸಂವಿಧಾನದ ಮೂಲ ರಚನೆ

2023ರ ಸೆಪ್ಟೆಂಬರ್ 15ರಂದು ಕರ್ನಾಟಕದಾದ್ಯಂತ ಸಂವಿಧಾನದ ಪೀಠಿಕೆ ಓದಿಸಿದರು. ‘ಭಾರತದ ಪ್ರಜೆಗಳಾದ ನಾವು’ ಅಂತ ಶುರು ಮಾಡಿಕೊಟ್ಟರೆ ಸಾಕು, ಮಕ್ಕಳು ಒಂದೇ ಉಸಿರಿಗೆ ಮುಗಿಸುತ್ತಾರೆ. ಒಳ್ಳೆಯದೇ. ಆದರೆ ಸಂವಿಧಾನದಲ್ಲಿ ಸಂಸತ್ತು ಯಾವುದನ್ನು ತಿದ್ದಬಹುದು, ಯಾವುದನ್ನು ಮುಟ್ಟುವಂತಿಲ್ಲ ಅಂತ ಕೇಳಿ ನೋಡಿ, ದೊಡ್ಡವರೂ ತಡವರಿಸುತ್ತಾರೆ. ಅವರ ತಪ್ಪೇನಿಲ್ಲ. ಮುಟ್ಟುವಂತಿಲ್ಲದ ಆ ತಳಹದಿಗೆ ಕೋರ್ಟು ಇಟ್ಟ ಹೆಸರು ‘ಮೂಲ ರಚನೆ’. ಆ ಮಾತು ಸಂವಿಧಾನದ ಪುಸ್ತಕದಲ್ಲಿ ಎಲ್ಲೂ ಇಲ್ಲ. ಅದು ಹುಟ್ಟಿದ್ದು ಒಂದು ಜಮೀನಿನ ತಕರಾರಿನಿಂದ.

ಮೂಲಭೂತ ಹಕ್ಕುಗಳನ್ನೂ ಸಂಸತ್ತು ತಿದ್ದಬಹುದು ಅಂತ ಸುಪ್ರೀಂ ಕೋರ್ಟು 1951ರಲ್ಲಿ, 1964ರಲ್ಲಿ ಹೇಳಿತು. 1967ರಲ್ಲಿ ಮುಟ್ಟಬೇಡಿ ಎಂದಿತು. 1971ರಲ್ಲಿ ಸಂಸತ್ತು ತಿದ್ದುಪಡಿ ತಂದು ಆ ಅಧಿಕಾರವನ್ನು ವಾಪಸ್ ಪಡೆಯಿತು.

ಅಷ್ಟರಲ್ಲಿ ಕಾಸರಗೋಡಿನ ಎಡನೀರು ಮಠ ಕೋರ್ಟಿನ ಮೆಟ್ಟಿಲು ಹತ್ತಿತ್ತು. ಕೇರಳದ ಭೂಸುಧಾರಣೆ ಕಾಯ್ದೆಯಲ್ಲಿ ಮಠದ ಜಮೀನು ಹೋಗುತ್ತದೆ ಎಂದು ಸ್ವಾಮೀಜಿ ಕೇಶವಾನಂದ ಭಾರತಿ 1970ರಲ್ಲಿ ಅರ್ಜಿ ಹಾಕಿದ್ದರು. ಆಗಿನ್ನೂ ಅವರಿಗೆ ಮೂವತ್ತು ತುಂಬಿರಲಿಲ್ಲ. 13 ನ್ಯಾಯಮೂರ್ತಿಗಳು 68 ದಿನ ಕೇಳಿದರು. ಮುಖ್ಯ ನ್ಯಾಯಮೂರ್ತಿ ಸಿಕ್ರಿ ನಿವೃತ್ತಿಗೆ ಒಂದೇ ದಿನ ಬಾಕಿ ಇತ್ತು. 1973ರ ಏಪ್ರಿಲ್ 24ರಂದು ತೀರ್ಪು ಬಂತು. ಒಂದಲ್ಲ, 11 ತೀರ್ಪು! ಎಲ್ಲ ಕೂಡಿಸಿ ಕಳೆದರೆ 7–6. ಸಂಸತ್ತು ಏನನ್ನಾದರೂ ತಿದ್ದಲಿ, ಸಂವಿಧಾನದ ಮೂಲ ರಚನೆಯನ್ನು ಕೆಡಿಸುವಂತಿಲ್ಲ. ಏಳನೆಯ ಮತ ಎಚ್. ಆರ್. ಖನ್ನಾ ಅವರದು. ಆಸ್ತಿ ಹಕ್ಕು ಮೂಲ ರಚನೆಗೆ ಸೇರುವುದಿಲ್ಲ ಎಂದವರೂ ಅವರೇ. ಹಾಗಾಗಿ ಮಠಕ್ಕೆ ಹೆಸರು ಬಂತು, ಜಮೀನು ಬರಲಿಲ್ಲ.

ಆ ಏಳರಲ್ಲಿ ಕಾರ್ಕಳ ಕಡೆಯ ಕೆ. ಎಸ್. ಹೆಗ್ಡೆ ಕೂಡ ಒಬ್ಬರು. ತೀರ್ಪಿನ ಬೆನ್ನಿಗೇ ಅವರನ್ನೂ ಇನ್ನಿಬ್ಬರು ಹಿರಿಯರನ್ನೂ ದಾಟಿ ಬೇರೊಬ್ಬರನ್ನು ಮುಖ್ಯ ನ್ಯಾಯಮೂರ್ತಿ ಮಾಡಲಾಯಿತು. ಮೂವರೂ ರಾಜೀನಾಮೆ ಕೊಟ್ಟರು. ಕಾಕತಾಳೀಯ ಅಂತ ನಂಬುವವರು ಈಗಲೂ ಇರಬಹುದು.

1976ರಲ್ಲಿ, ತುರ್ತು ಪರಿಸ್ಥಿತಿಯ ನಡುವೆ, 42ನೇ ತಿದ್ದುಪಡಿ ಬಂತು. ಮಕ್ಕಳು ಇವತ್ತು ಓದುವ ಪೀಠಿಕೆಗೆ ‘ಸಮಾಜವಾದಿ’, ‘ಜಾತ್ಯತೀತ’ ಸೇರಿದ್ದು ಆಗಲೇ. ಅದರ ಜೊತೆಗೇ ಇನ್ನೊಂದು ಸಾಲೂ ನುಸುಳಿತು: ತಿದ್ದುಪಡಿಗಳನ್ನು ಯಾವ ಕೋರ್ಟಿನಲ್ಲೂ ಪ್ರಶ್ನಿಸುವಂತಿಲ್ಲ. ಇದಕ್ಕೆ ಅಡ್ಡ ಬಂದಿದ್ದು ಬೆಂಗಳೂರಿನ ಮಿನರ್ವ ಮಿಲ್ಸ್. ಸರ್ಕಾರ ವಹಿಸಿಕೊಂಡಿದ್ದ ಬಟ್ಟೆ ಗಿರಣಿ ಅದು. 1980ರಲ್ಲಿ ಕೋರ್ಟು ಆ ಸಾಲನ್ನು ಹೊಡೆದುಹಾಕಿತು. ಮಿತಿಯೊಳಗೆ ಕೊಟ್ಟ ಅಧಿಕಾರ ಬಳಸಿ ಮಿತಿಯನ್ನೇ ಅಳಿಸಿಬಿಟ್ಟರೆ ಹೇಗೆ, ಅಲ್ವಾ? ಮಿಲ್ಲು ಮಾತ್ರ ಮಾಲೀಕರಿಗೆ ವಾಪಸ್ ಬರಲಿಲ್ಲ.

ಕರ್ನಾಟಕದ ಮುಖ್ಯಮಂತ್ರಿಯಾಗಿದ್ದ ಎಸ್. ಆರ್. ಬೊಮ್ಮಾಯಿ ಅವರ ಕಥೆಯೂ ಹೀಗೇ. ಸದನದಲ್ಲಿ ಬಹುಮತ ತೋರಿಸುತ್ತೇನೆ ಎಂದರೂ ಕೇಳದೆ 1989ರ ಏಪ್ರಿಲ್‌ನಲ್ಲಿ ಅವರ ಸರ್ಕಾರ ವಜಾ ಆಯಿತು. ಬಹುಮತ ಲೆಕ್ಕ ಹಾಕಬೇಕಾದ್ದು ಸದನದಲ್ಲಿ, ರಾಜಭವನದಲ್ಲಲ್ಲ ಎಂಬ ತೀರ್ಪು ಬಂದಿದ್ದು 1994ರ ಮಾರ್ಚ್‌ನಲ್ಲಿ. ಜಾತ್ಯತೀತತೆ ಮೂಲ ರಚನೆಯ ಭಾಗ ಎಂದೂ ಅದೇ ತೀರ್ಪು ಹೇಳಿತು. ಅಷ್ಟು ಹೊತ್ತಿಗೆ ರಾಜ್ಯದಲ್ಲಿ ಇನ್ನೊಂದು ಚುನಾವಣೆ ಮುಗಿದು ನಾಲ್ಕು ವರ್ಷ ದಾಟಿತ್ತು.

ಕೇಶವಾನಂದ ಭಾರತಿ 2020ರ ಸೆಪ್ಟೆಂಬರ್ 6ರಂದು ತೀರಿಕೊಂಡರು. ಕಾನೂನು ಓದುವವರಿಗೆಲ್ಲ ಅವರ ಹೆಸರು ಬಾಯಿಪಾಠ. ಅವರು ಸಂಗೀತಗಾರರು, ಯಕ್ಷಗಾನಕ್ಕೆ ಹಾಡುತ್ತಿದ್ದವರು ಅಂತ ಕಾಸರಗೋಡಿನವರನ್ನು ಕೇಳಿದರೆ ಗೊತ್ತಾಗುತ್ತದೆ.