ಓದುಗರ ಪ್ರಶ್ನೆ: ಬ್ಯಾಗಿನಲ್ಲಿ ಹಿಡಿಯುವ ಸ್ಟ್ರಿಪ್ಪಿಂಗ್ ಬ್ಯಾಸ್ಕೆಟ್ ಯಾವುದು?

ಪ್ರಶ್ನೆ: ನಮ್ಮದು ಕುಣಿಗಲ್. ಕೆರೆ ಏರಿ ಮೇಲೆ ನಿಂತು ಫ್ಲೈ ಫಿಶಿಂಗ್ ಮಾಡ್ತೀನಿ, ಅಂದರೆ ಫ್ಲೈ ಅನ್ನೋ ಹಗುರವಾದ ಹುಸಿ ಹುಳು ಕಟ್ಟಿ ಮೀನು ಹಿಡಿಯೋದು. ಎಳೆದ ಲೈನ್ ಕಾಲಡಿಯ ಕಲ್ಲಲ್ಲಿ ಸಿಕ್ಕಿಕೊಂಡು ಒಳ್ಳೊಳ್ಳೆ ಎಸೆತ ಹಾಳಾಗುತ್ತೆ. ಸ್ಟ್ರಿಪ್ಪಿಂಗ್ ಬ್ಯಾಸ್ಕೆಟ್, ಅಂದರೆ ಎಳೆದ ಲೈನ್ ಬೀಳಿಸಿಕೊಳ್ಳೋಕೆ ಸೊಂಟಕ್ಕೆ ಕಟ್ಟೋ ಬುಟ್ಟಿ, ತಗೊಳ್ಳೋಣ ಅಂತಿದೀನಿ. ಆದರೆ ನಾನು ಓಡಾಡೋದು ಬೈಕಲ್ಲಿ. ಮುಂದೆ ಅಂಡಮಾನ್‌ಗೂ ಹೋಗೋ ಆಸೆ ಇದೆ. ಮಡಚಿ ಇಡುವಂಥದ್ದು ಕೊಳ್ಳಲಾ, ಮನೆಯಲ್ಲೇ ಮಾಡಿಕೊಳ್ಳಲಾ?

ಉತ್ತರ: ಮಾಡಿಕೊಳ್ಳಿ. ಮಡಚುವ ಪ್ಲಾಸ್ಟಿಕ್ ಟಬ್ ಒಂದು, ಕೇಬಲ್ ಟೈ ಒಂದು ಪ್ಯಾಕೆಟ್, ಕ್ಲಿಪ್ ಇರುವ ನೈಲಾನ್ ಬೆಲ್ಟ್ ಒಂದು. ಇಷ್ಟು ಸಾಕು. ಕೊಂಡರೂ ಸರಿ, ಮಾಡಿದರೂ ಸರಿ, ಮೊದಲು ನೋಡಬೇಕಾದ್ದು ಬುಟ್ಟಿಯ ತಳ. ಎಷ್ಟು ಚಿಕ್ಕದಾಗಿ ಮಡಚುತ್ತದೆ ಅನ್ನುವುದು ಆಮೇಲಿನ ಮಾತು.

ಕಾರಣ ಹೇಳುತ್ತೇನೆ. ಫ್ಲೈಗೆ ತೂಕವೇ ಇರುವುದಿಲ್ಲ. ಲೈನಿನ ತೂಕವೇ ಅದನ್ನು ದೂರ ಒಯ್ಯಬೇಕು. ಹಾಗಾಗಿ ಎಸೆಯುವ ಮೊದಲೇ ರೀಲಿನಿಂದ ಲೈನ್ ಬಿಚ್ಚಿ ಇಟ್ಟುಕೊಂಡಿರುತ್ತೇವೆ. ಸಾಮಾನ್ಯ ಫ್ಲೈ ಲೈನಿನ ಉದ್ದ 27 ಮೀಟರ್ ಆಸುಪಾಸು. ಅದರಲ್ಲಿ ಅರ್ಧದಷ್ಟು ಕಾಲ ಬಳಿ ಬಿದ್ದಿದ್ದರೂ ನಮ್ಮ ಕೆರೆಗಳಲ್ಲಿ ಅದಕ್ಕೆ ನೂರು ಕಂಟಕ. ಏರಿಯ ಒಳಮೈಗೆ ಜೋಡಿಸಿದ ಕಲ್ಲುಗಳ ಸಂದು, ಸಂದಿನಲ್ಲಿ ಬೆಳೆದ ಹುಲ್ಲು, ಅಲ್ಲೊಂದು ಇಲ್ಲೊಂದು ಜಾಲಿ ಮುಳ್ಳು. ಕುಣಿಗಲ್ ಕೆರೆ ಇರಲಿ, ಶಿಂಷಾ ನದಿಯ ಮಾರ್ಕೋನಹಳ್ಳಿ ಇರಲಿ, ಚಿಕ್ಕನಾಯಕನಹಳ್ಳಿ ಕಡೆಯ ಬೋರನಕಣಿವೆ ಇರಲಿ, ಕಲ್ಲಿನ ಮೇಲೆ ನಿಂತರೆ ಪಾಡು ಒಂದೇ. ಆಷಾಢದ ಗಾಳಿ ಶುರುವಾದರಂತೂ ಕೈಯಿಂದ ಬಿಟ್ಟ ಲೈನ್ ನೆಲಕ್ಕೆ ಬೀಳುವ ಮೊದಲೇ ಪಕ್ಕದ ಪೊದೆ ಸೇರುತ್ತದೆ.

ಸರಿ, ಬುಟ್ಟಿಗೆ ಹಾಕಿದೆವು. ಕಲ್ಲು ಮುಳ್ಳಿನ ಕಾಟ ತಪ್ಪಿತು. ಆದರೆ ಬುಟ್ಟಿಯ ತಳ ಬೋಳಾಗಿದ್ದರೆ ನಡೆದಾಗ, ತಿರುಗಿದಾಗ ಸುರುಳಿಗಳೆಲ್ಲ ಒಂದೇ ಮೂಲೆಗೆ ಜಾರಿ ಒಂದರೊಳಗೊಂದು ಹೊಕ್ಕಿಕೊಳ್ಳುತ್ತವೆ. ಎಸೆದಾಗ ಗಂಟಿನ ಸಮೇತ ಎದ್ದು ರಾಡಿನ ಮೊದಲ ರಿಂಗಿಗೆ ಬಡಿಯುತ್ತವೆ. ಅದಕ್ಕೇ ಒಳ್ಳೆಯ ಬುಟ್ಟಿಯ ತಳದಲ್ಲಿ ಮೊಳೆಯಂಥ ಕಡ್ಡಿಗಳೋ ಶಂಕುಗಳೋ ಎದ್ದು ನಿಂತಿರುತ್ತವೆ. ಲೈನ್ ಅವುಗಳ ನಡುವೆ ಬಿದ್ದು ಬಿದ್ದಲ್ಲೇ ಇರುತ್ತದೆ.

ಅಂಗಡಿಯ ಗಟ್ಟಿ ಬುಟ್ಟಿ ಮೀನು ಹಿಡಿಯಲು ತುಂಬಾ ಚೆನ್ನ, ಆದರೆ ಬೈಕಿಗೆ, ಸೂಟ್‌ಕೇಸಿಗೆ ಬೇಡವೇ ಬೇಡ. ಬಲೆ ಬಟ್ಟೆಯದು ಚಪ್ಪಟೆಯಾಗಿ ಮಡಚುತ್ತದೆ, ಹಗುರ. ಆದರೆ ಎಷ್ಟೋ ಬುಟ್ಟಿಗಳಲ್ಲಿ ತಳ ಜೋತುಬಿದ್ದು ಲೈನೆಲ್ಲ ನಡುವಿಗೆ ಬಂದು ಸೇರುತ್ತದೆ. ಈಗಾಗಲೇ ಅಂಥದ್ದು ಕೊಂಡಿದ್ದರೆ ಎಸೆಯಬೇಡಿ. ಬೋರ್ಡ್ ಬರೆಯುವವರ ಹತ್ತಿರ ಸನ್‌ಪ್ಯಾಕ್ ಎಂಬ ಹಗುರವಾದ ಪ್ಲಾಸ್ಟಿಕ್ ಶೀಟ್ ಸಿಗುತ್ತದೆ. ತಳದ ಅಳತೆಗೆ ಕತ್ತರಿಸಿ, ಅದಕ್ಕೆ ಕಡ್ಡಿ ಸಿಕ್ಕಿಸಿ ಒಳಗೆ ಕೂರಿಸಿ. ಊರಿಗೆ ಹೋಗುವಾಗ ಶೀಟ್ ಬೇರೆ, ಬುಟ್ಟಿ ಬೇರೆ.

ಹೊಸದಾಗಿ ಮಾಡುವುದಾದರೆ ನನ್ನ ಮತ ಮಡಚುವ ಟಬ್ಬಿಗೆ. ಪಾತ್ರೆ, ಬಟ್ಟೆ ತೊಳೆಯಲು ಬರುತ್ತಲ್ಲ, ಪಕ್ಕದ ಗೋಡೆ ರಬ್ಬರಿನಂತೆ ಕುಸಿದು ಕೂರುವಂಥದ್ದು. ಪೇಟೆಯಲ್ಲಿ ಸಿಗದಿದ್ದರೆ ಆನ್‌ಲೈನ್‌ನಲ್ಲಿ ತರಿಸಿ. ಉದ್ದ 14ರಿಂದ 16 ಇಂಚು, ಅಗಲ 10ರಿಂದ 12 ಇಂಚು, ಬಿಚ್ಚಿದಾಗ ಆಳ 6 ಇಂಚಿಗೆ ಕಡಿಮೆ ಬೇಡ. ಆಳ ಕಡಿಮೆಯಾದರೆ ಗಾಳಿ ಲೈನನ್ನು ಎತ್ತಿ ಹೊರಗೆ ಹಾಕುತ್ತದೆ. ತಳ ಮಾತ್ರ ಗಟ್ಟಿ ಪ್ಲಾಸ್ಟಿಕ್ಕಿನದೇ ಆಗಿರಲಿ, ಒತ್ತಿ ನೋಡಿ.

ತಳದಲ್ಲಿ ಮೂರು ಇಂಚಿಗೊಂದರಂತೆ, ಸಾಲು ತಪ್ಪಿಸಿ ತೂತು ಹಾಕಿ. ಹತ್ತು ಹನ್ನೆರಡು ಸಾಕು. ಕೇಬಲ್ ಟೈಯನ್ನು ಕೆಳಗಿನಿಂದ ತೂರಿಸಿ. ಅದರ ತಲೆ ಅಡಿಯಲ್ಲೇ ನಿಲ್ಲುತ್ತದೆ. ಇನ್ನೊಂದು ಟೈಯ ತಲೆ ಮಾತ್ರ ಕತ್ತರಿಸಿಕೊಂಡು ಮೇಲಿನಿಂದ ಇದೇ ಬಾಲಕ್ಕೆ ಪೋಣಿಸಿ ತಳದವರೆಗೂ ಒತ್ತಿ. ಹಲ್ಲು ಕಚ್ಚಿಕೊಂಡು ಕಡ್ಡಿ ಅಲ್ಲಾಡದಂತೆ ನಿಲ್ಲುತ್ತದೆ. ಅಂಟು ಬೇಡ, ಮುರಿದರೆ ಬದಲಿಸುವುದೂ ಸುಲಭ. ಎರಡೂವರೆ ಇಂಚು ಬಿಟ್ಟು ಉಳಿದದ್ದನ್ನು ಕತ್ತರಿಸಿ. ಅಷ್ಟೇ ಇದ್ದರೆ ಟಬ್ ಮಡಚಿದಾಗಲೂ ಕಡ್ಡಿಗಳು ಜಾಸ್ತಿ ಹೊರಗೆ ಚಾಚುವುದಿಲ್ಲ. ಕತ್ತರಿಸಿದ ತುದಿ ಬ್ಲೇಡಿನ ಹಾಗೆ ಹರಿತ. ಅದನ್ನು ಉಗುರು ಉಜ್ಜುವ ಅರದಿಂದ ಚೆನ್ನಾಗಿ ದುಂಡಗೆ ಮಾಡಿ. ಇದನ್ನು ಬಿಟ್ಟರೆ ಲೈನಿನ ಮೇಲ್ಪದರವೂ ಹೋಗುತ್ತದೆ, ಕೈಯೂ ಕುಯ್ಯುತ್ತದೆ. ತೋಟದ ಕಳೆ ಕೊಚ್ಚುವ ಯಂತ್ರದ ದಪ್ಪ ನೈಲಾನ್ ದಾರ ಮನೆಯಲ್ಲಿದ್ದರೆ ಕಡ್ಡಿಗೆ ಅದೂ ಆಗುತ್ತದೆ. ನೀರು ಇಳಿಯಲು ಮೂಲೆಗಳಲ್ಲಿ ಸಣ್ಣ ತೂತುಗಳಿರಲಿ.

ಬೆಲ್ಟಿಗೆ ಬೈಕಿನ ಲಗೇಜ್ ಕಟ್ಟುವ ಎಲಾಸ್ಟಿಕ್ ಹಗ್ಗ ಸಾಕು ಅನ್ನುವವರಿದ್ದಾರೆ. ನನಗೆ ಅದು ಇಷ್ಟವಿಲ್ಲ. ಹೆಜ್ಜೆ ಹೆಜ್ಜೆಗೂ ಬುಟ್ಟಿ ಕುಣಿಯುತ್ತದೆ. ಬ್ಯಾಗ್ ರಿಪೇರಿಯವರ ಹತ್ತಿರ ಕ್ಲಿಪ್ ಹಾಕಿದ ನೈಲಾನ್ ಬೆಲ್ಟ್ ಹೊಲಿಸಿಕೊಳ್ಳಿ. ಟಬ್ಬಿನ ಗಟ್ಟಿ ಅಂಚಿನಲ್ಲಿ ಎರಡು ಸೀಳು ಮಾಡಿ ತೂರಿಸಿ. ಬಲಗೈಯವರಾದರೆ ಬುಟ್ಟಿ ಸ್ವಲ್ಪ ಎಡಕ್ಕಿರಲಿ. ಎಳೆದ ಕೈ ತಾನಾಗಿ ಇಳಿದು ನಿಲ್ಲುವ ಎತ್ತರಕ್ಕೆ, ಅಂದರೆ ಸೊಂಟಕ್ಕಿಂತ ಕೆಳಗೆ ಕಟ್ಟಿ.

ಬುಟ್ಟಿ ಎಷ್ಟೇ ಚೆನ್ನಾಗಿದ್ದರೂ ಒಂದು ಕೆಲಸ ನೀವೇ ಮಾಡಬೇಕು. ರೀಲಿನಿಂದ ಬಿಚ್ಚಿ ನೇರ ಬುಟ್ಟಿಗೆ ಸುರಿದ ಲೈನಿನಲ್ಲಿ ಮೊದಲು ಹೊರಡಬೇಕಾದ ಭಾಗ ಅಡಿಯಲ್ಲಿ ಸಿಕ್ಕಿರುತ್ತದೆ. ಅದನ್ನೊಮ್ಮೆ ಪೂರ್ತಿ ಎಸೆದು ವಾಪಸ್ ಎಳೆದುಕೊಳ್ಳಿ. ಆಗ ರೀಲಿನ ಕಡೆಯದು ಅಡಿಗೆ, ತುದಿಯ ಕಡೆಯದು ಮೇಲಕ್ಕೆ ಬರುತ್ತದೆ. ಮುಂದಿನ ಎಸೆತ ಸರಾಗ. ಸಂಜೆ ಸೊಳ್ಳೆಗೆ ಹಚ್ಚುವ ಕ್ರೀಮಿನಲ್ಲಿ ಡೀಟ್ ಇದ್ದರೆ ಅಂಗೈ ಒರೆಸಿಕೊಂಡೇ ಲೈನ್ ಮುಟ್ಟಿ. ಡೀಟ್ ಪ್ಲಾಸ್ಟಿಕ್ಕನ್ನು ತಿನ್ನುತ್ತದೆ.

ಅಂಡಮಾನ್‌ಗೆ ಇದನ್ನು ಖಂಡಿತ ಒಯ್ಯಿರಿ. ಈ ಬುಟ್ಟಿ ಹೆಚ್ಚು ಬಳಕೆಗೆ ಬಂದದ್ದೇ ಸಮುದ್ರದ ದಡದಲ್ಲಿ. ಅಲೆ ಕಾಲಡಿಯ ಲೈನನ್ನು ಎಳೆದಾಡುತ್ತದೆ, ಹವಳದ ಕಲ್ಲು ಸವೆಸುತ್ತದೆ. ಮಡಚಿದ ಟಬ್ ಸೂಟ್‌ಕೇಸಿನ ತಳಕ್ಕೆ ಹಾಕಿ, ಕಡ್ಡಿಗಳ ನಡುವೆ ಕಾಲುಚೀಲ ತುರುಕಿ. ಫ್ಲೈಗಳ ಡಬ್ಬಿಯೂ ಅದೇ ಸೂಟ್‌ಕೇಸಿಗೆ, ಕೈಚೀಲಕ್ಕೆ ಬೇಡ. ಉಪ್ಪುನೀರಿಗೆ ಇಳಿದ ದಿನ ಬುಟ್ಟಿ, ಬೆಲ್ಟು, ಲೈನು ಮೂರನ್ನೂ ಸಿಹಿನೀರಲ್ಲಿ ತೊಳೆಯಿರಿ. ಹಿಮಾಚಲದ ತೀರ್ಥನ್ ನದಿಗೆ ಟ್ರೌಟ್ ಹಿಡಿಯಲು ಹೊರಟರೆ ಮಾತ್ರ ಮನೆಯಲ್ಲೇ ಬಿಡಿ. ಅಲ್ಲಿ ಎಸೆತ ಗಿಡ್ಡ, ಕೈಯಲ್ಲಿ ಹಿಡಿಯುವಷ್ಟೇ ಲೈನ್.