ವೈದ್ಯಕೀಯ ಮಿಷನ್: ರೋಗಿಯ ನಂಬಿಕೆ ಗಳಿಸಿದ ಬಗೆ

ಕ್ರೈಸ್ತ ಸಭೆಗಳು ತಮ್ಮ ನಂಬಿಕೆಯ ಕರ್ತವ್ಯವೆಂದು ಆಸ್ಪತ್ರೆ, ದವಾಖಾನೆ, ನರ್ಸಿಂಗ್ ಶಾಲೆ ನಡೆಸುವುದನ್ನು ವೈದ್ಯಕೀಯ ಮಿಷನ್ ಅನ್ನುತ್ತಾರೆ. ಜನರ ಬಾಯಲ್ಲಿ ಅದು ಮಿಷನ್ ಆಸ್ಪತ್ರೆ. ಮೈಸೂರಿನಲ್ಲಿ 1906ರಿಂದ ಇರುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಗೆ ಊರವರು ಕರೆಯುವ ಹೆಸರೂ ಅದೇ.

ಕಟ್ಟಡ ಎದ್ದು ಔಷಧಿ ಬಂದ ಮಾತ್ರಕ್ಕೆ ಹಳ್ಳಿಯವರು ಬಂದುಬಿಡಲಿಲ್ಲ. ಡಾಕ್ಟರು ಪರದೇಶದವರು, ಬೇರೆ ಧರ್ಮದವರು, ಮೈ ಕೊಯ್ಯುವವರು ಬೇರೆ. ಹೆದರಿಕೆ ಇರೋದು ಸಹಜ ಅಲ್ವಾ? ಹಾಗಾಗಿ ಮಿಷನ್ ಕೆಲಸದ ನಿಜವಾದ ಕಷ್ಟ ಇದ್ದದ್ದು ಚಿಕಿತ್ಸೆಗೂ ಮೊದಲು.

ಅಮೆರಿಕದ ಮಿಷನರಿ ಕುಟುಂಬದ ಐಡಾ ಸ್ಕಡರ್ ಇದನ್ನು ಹತ್ತಿರದಿಂದ ಕಂಡವರು. 1890ರ ದಶಕದಲ್ಲಿ ತಮಿಳುನಾಡಿನ ತಿಂಡಿವನದಲ್ಲಿ ಒಂದೇ ರಾತ್ರಿ ಮೂವರು ಗಂಡಸರು ಅವರ ಮನೆಗೆ ಬಂದರು. ಮೂವರ ಹೆಂಡತಿಯರಿಗೂ ಹೆರಿಗೆ ಕಷ್ಟವಾಗಿತ್ತು. ಐಡಾ ಅವರ ತಂದೆ ಡಾಕ್ಟರು, ಹೊರಟು ನಿಂತಿದ್ದರು. ಗಂಡು ಡಾಕ್ಟರು ನಮ್ಮ ಹೆಂಗಸರನ್ನು ಮುಟ್ಟುವುದು ಬೇಡ ಅಂತ ಮೂವರೂ ವಾಪಸ್ ಹೋದರು. ಬೆಳಗಾಗುವಷ್ಟರಲ್ಲಿ ಮೂವರು ಹೆಂಗಸರೂ ತೀರಿಕೊಂಡಿದ್ದರು. ಐಡಾ ಅಮೆರಿಕಕ್ಕೆ ಹೋಗಿ ಓದಿ, 1899ರಲ್ಲಿ ಡಾಕ್ಟರಾದರು. 1900ರಲ್ಲಿ ವೆಲ್ಲೂರಿನ ಮನೆಯಲ್ಲೇ ಒಂದು ಹಾಸಿಗೆಯಿಂದ ಕೆಲಸ ಶುರು ಮಾಡಿದರು. 1918ರಲ್ಲಿ ಹೆಣ್ಣುಮಕ್ಕಳಿಗಾಗಿ ವೈದ್ಯಕೀಯ ಶಾಲೆ ತೆರೆದರು. ಇವತ್ತಿನ ವೆಲ್ಲೂರು ಸಿಎಂಸಿ, ಅಂದರೆ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಮತ್ತು ಅದರ ಆಸ್ಪತ್ರೆ, ಬೆಳೆದದ್ದು ಅಲ್ಲಿಂದ.

ಆ ಗಂಡಸರನ್ನು ಮೂಢರು ಅಂದುಬಿಡೋದು ಸುಲಭ. ಐಡಾ ಹಾಗೆ ಮಾಡಲಿಲ್ಲ. ಅವರ ಸಂಕೋಚವನ್ನು ಇದ್ದ ಹಾಗೇ ಒಪ್ಪಿಕೊಂಡು, ಬೇಕಾಗಿದ್ದ ಹೆಣ್ಣು ಡಾಕ್ಟರು ತಾವೇ ಆದರು. ನನ್ನ ಮಟ್ಟಿಗೆ ಈ ವಿಷಯದ ತಿರುಳು ಇದೇ.

ಆಸ್ಪತ್ರೆಗೆ ಬರಲಾಗದವರಿಗೆ ಅವರು ರಸ್ತೆಬದಿ ದವಾಖಾನೆ ನಡೆಸಿದರು. ಗೊತ್ತಾದ ದಾರಿ, ಗೊತ್ತಾದ ದಿನ, ಮರದ ನೆರಳು. ಹೇಳಿದ ದಿನ ಬಂದೇ ಬರುತ್ತಾರೆ ಅಂತ ಖಾತ್ರಿಯಾದ ಮೇಲೆ ಜನ ದಾರಿಯಲ್ಲೇ ಕಾದು ಕೂರುತ್ತಿದ್ದರು.

ಕುಷ್ಠರೋಗದ ಕೆಲಸ ಇನ್ನೂ ಸೂಕ್ಷ್ಮ. ಮನೆಯವರೇ ದೂರವಿಟ್ಟ ಕೈಯನ್ನು ಡಾಕ್ಟರು ತಮ್ಮ ಕೈಯಲ್ಲಿ ಹಿಡಿಯುತ್ತಾರೆ. ಒಂದೊಂದೇ ಬೆರಳು ಮಡಚಿ, ಬಿಡಿಸಿ, ಎಲ್ಲಿ ಸ್ಪರ್ಶ ಗೊತ್ತಾಗುತ್ತಿಲ್ಲ ಅಂತ ನೋಡುತ್ತಾರೆ. ಅಂಗಾಲಿನ ಹುಣ್ಣು ತೊಳೆಯಲು ನೆಲದ ಮೇಲೇ ಕೂರುತ್ತಾರೆ. ವೆಲ್ಲೂರಿನಲ್ಲಿ 1940ರ ದಶಕದ ಕೊನೆಗೆ ಪಾಲ್ ಬ್ರಾಂಡ್ ಎಂಬ ಶಸ್ತ್ರವೈದ್ಯರು ಹೀಗೆ ನೋಡುತ್ತಲೇ ಒಂದು ದೊಡ್ಡ ಸಂಗತಿ ಕಂಡುಕೊಂಡರು. ಬೆರಳು ಹೋಗುವುದು ರೋಗ ತಿಂದು ಅಲ್ಲ. ನೋವೇ ಗೊತ್ತಾಗದೆ ಸುಟ್ಟುಕೊಂಡು, ಗಾಯ ಮಾಡಿಕೊಂಡು ಹೋಗುವುದೇ ಜಾಸ್ತಿ. ಸೆಟೆದ ಬೆರಳುಗಳು ಮತ್ತೆ ಆಡುವಂತೆ ಅವರು ಶಸ್ತ್ರಚಿಕಿತ್ಸೆ ಮಾಡಿದರು. ಆದರೆ ಕೈ ನೆಟ್ಟಗಾದವರಿಗೆ ಭಿಕ್ಷೆ ಹುಟ್ಟುತ್ತಿರಲಿಲ್ಲ, ಕೆಲಸ ಕೊಡುವವರೂ ಇರಲಿಲ್ಲ. ಆಗ ಮರಗೆಲಸದಂಥ ಕಸುಬು ಕಲಿಸುವ ವ್ಯವಸ್ಥೆಯನ್ನೂ ಮಾಡಿದರು. ಡಿಸ್ಚಾರ್ಜ್ ಆದ ಮೇಲೆ ಈ ಮನುಷ್ಯ ಹೊಟ್ಟೆಗೇನು ಮಾಡುತ್ತಾನೆ ಅಂತ ಕೇಳುವ ಡಾಕ್ಟರನ್ನು ಯಾರು ತಾನೇ ನಂಬುವುದಿಲ್ಲ?

ಮತಾಂತರದ ಅನುಮಾನವನ್ನು ಇಲ್ಲಿ ಬಿಟ್ಟು ಮಾತಾಡಲಾಗದು. ಈ ಆಸ್ಪತ್ರೆಗಳಲ್ಲಿ ಪ್ರಾರ್ಥನೆ ಇತ್ತು, ಉಪದೇಶವೂ ಇತ್ತು. ಹಾಸಿಗೆ ಹಿಡಿದ ರೋಗಿಗೆ ಬೇಡ ಅನ್ನುವ ಧೈರ್ಯ ಕಡಿಮೆ. ಅದಕ್ಕೇ ಪ್ರಾರ್ಥನೆಗೆ ಕೂರದಿದ್ದರೂ ಅದೇ ಔಷಧಿ, ಅದೇ ಆರೈಕೆ ಸಿಗಲೇಬೇಕು. ಧರ್ಮ ಚಿಕಿತ್ಸೆಯ ಷರತ್ತಾದರೆ ಅದು ಸೇವೆಯಾಗಿ ಉಳಿಯುವುದಿಲ್ಲ.

ಮಹಾರಾಷ್ಟ್ರದ ಜಾಮಖೇಡದಲ್ಲಿ ರಜನಿಕಾಂತ್ ಮತ್ತು ಮೇಬಲ್ ಆರೋಳೆ ಎಂಬ ಕ್ರೈಸ್ತ ಡಾಕ್ಟರ್ ದಂಪತಿ 1970ರಲ್ಲಿ ಕೆಲಸ ಆರಂಭಿಸಿದರು. ಹಳ್ಳಿಯವರಿಗೆ ಮೊದಲು ಬೇಕಾಗಿದ್ದದ್ದು ನೀರು ಮತ್ತು ಊಟ. ಡಾಕ್ಟರುಗಳು ಅದಕ್ಕೇ ಕೈಹಾಕಿದರು, ದಲಿತರ ಕೇರಿಗಳಲ್ಲೂ ಬೋರ್‌ವೆಲ್ ಕೊರೆಸಿದರು. ಆಮೇಲೆ ಊರಿನವರೇ ಆರಿಸಿದ ಹೆಂಗಸರಿಗೆ ಹೆರಿಗೆ, ಮಕ್ಕಳ ಆರೈಕೆ, ಸಾಮಾನ್ಯ ಕಾಯಿಲೆಗಳ ಬಗ್ಗೆ ತರಬೇತಿ ಕೊಟ್ಟರು. ಅವರಲ್ಲಿ ಎಷ್ಟೋ ಮಂದಿಗೆ ಓದು ಬರಹ ಬರುತ್ತಿರಲಿಲ್ಲ. ಕ್ರೈಸ್ತರೇ ಆಗಿರಬೇಕು ಅನ್ನುವ ಕಟ್ಟಳೆಯೂ ಇರಲಿಲ್ಲ. ಮಗುವಿಗೆ ಭೇದಿಯಾದಾಗ ಉಪ್ಪು ಸಕ್ಕರೆ ಕಲಸಿದ ನೀರು ಕುಡಿಸು ಅಂತ ಹೇಳುವವಳು ಈಗ ಪಕ್ಕದ ಮನೆಯ ಹೆಂಗಸು. ಅವಳ ಮಾತಿಗೆ ಆ ತಾಯಿ ಅಂಜಬೇಕಾಗಿರಲಿಲ್ಲ.